ಗೆರೆ ಎಳೆದ ಪದಗಳು, ಅಮ್ಮನ ಕನ್ನಡ

ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳಿರೋ ಮನೆಗೆ ಈ ಹೋಂವರ್ಕ್ ವರ್ಷಕ್ಕೊಂದು ಸಲವಾದ್ರೂ ಬಂದೇ ಬರುತ್ತೆ. ಇಂಗ್ಲಿಷಿನಲ್ಲಿ ಹತ್ತು ವಾಕ್ಯ. ಪ್ರತಿ ವಾಕ್ಯದಲ್ಲೂ ಮೂರ್ನಾಲ್ಕು ಪದಗಳ ಕೆಳಗೆ ಗೆರೆ. ಮೇಲೆ ಒಂದೇ ಸಾಲಿನ ಪ್ರಶ್ನೆ: ಗೆರೆ ಎಳೆದ ಭಾಗ ಯಾವ ಬಗೆಯ ಫ್ರೇಸ್, ಗುರುತಿಸಿ. ನೌನ್ ಫ್ರೇಸಾ, ಅಡ್ಜೆಕ್ಟಿವ್ ಫ್ರೇಸಾ, ಅಡ್ವರ್ಬ್ ಫ್ರೇಸಾ? ಮಗು ಮೊದಲನೆಯದಕ್ಕೆ ನೌನ್ ಅಂತ ಬರೆಯುತ್ತೆ, ಎರಡನೆಯದಕ್ಕೆ ಅಡ್ಜೆಕ್ಟಿವ್ ಅಂತ ಬರೆಯುತ್ತೆ, ಆಮೇಲೆ ಅಮ್ಮನ ಮುಖ ನೋಡುತ್ತೆ. ಅಮ್ಮ ಕುಕ್ಕರ್ ಕಡೆ ನೋಡ್ತಾಳೆ.

ಕಳೆದ ಸಲ ಮನೆಯ ಖರ್ಚಿನ ಲೆಕ್ಕಕ್ಕೆ ಸ್ಪ್ರೆಡ್‌ಶೀಟ್ ಹೇಗೆ ಬಳಸಬಹುದು ಅಂತ ಬರೆದಿದ್ದೆ. ಈ ಸಲ ಕಂಪ್ಯೂಟರ್ ಬಿಟ್ಟು ವ್ಯಾಕರಣಕ್ಕೆ ಬಂದಿದ್ದೀನಿ. ಅದಕ್ಕೆ ಕಾರಣ ನಮ್ಮ ಅಕ್ಕ.

ಅಕ್ಕ ಇರೋದು ಅರಸೀಕೆರೆಯಲ್ಲಿ. ಓದಿದ್ದು ಪೂರ್ತಿ ಕನ್ನಡ ಮೀಡಿಯಂ, ಎಬಿಸಿಡಿ ಶುರುವಾಗಿದ್ದೇ ಐದನೇ ಕ್ಲಾಸಿನಲ್ಲಿ. ಎಸ್‌ಎಸ್‌ಎಲ್‌ಸಿಯಲ್ಲಿ ಕನ್ನಡಕ್ಕೆ 125ಕ್ಕೆ 117 ತೆಗೆದವಳು. ಊರಿನಲ್ಲಿ ಯಾರಿಗೆ ಅರ್ಜಿ ಬರೆಯಬೇಕಾದ್ರೂ ಇವಳ ಹತ್ತಿರಾನೇ ಬರ್ತಾರೆ. ಅವಳ ಮಗ ಈಗ ಇಂಗ್ಲಿಷ್ ಮೀಡಿಯಂನಲ್ಲಿ ಏಳನೇ ಕ್ಲಾಸು. ನಾಲ್ಕನೇ ಕ್ಲಾಸಿನವರೆಗೂ ದಿನಾ ಅವನ ಜೊತೆ ಕೂತು ಓದಿಸ್ತಿದ್ದವಳು ಈಚೆಗೆ ಕೂರೋದನ್ನೇ ನಿಲ್ಲಿಸಿದ್ದಾಳೆ. ಕೇಳಿದ್ರೆ, "ನಂಗೇನು ಗೊತ್ತಾಗುತ್ತೋ, ನಂದು ಕನ್ನಡ ಮೀಡಿಯಂ. ಅವನೇ ಹೇಳ್ತಾನೆ, ನಿಂಗೆ ಗೊತ್ತಾಗಲ್ಲ ಬಿಡಮ್ಮ ಅಂತ. ಟ್ಯೂಷನ್‌ಗೆ ಹಾಕೋಣ ಅಂತಿದ್ದೀನಿ" ಅಂದಳು.

ಟ್ಯೂಷನ್‌ಗೆ ಹಾಕೋದು ಬಿಡೋದು ಅವರವರ ಅನುಕೂಲ. ನನಗೆ ಚುಚ್ಚಿದ್ದು "ನಿಂಗೆ ಗೊತ್ತಾಗಲ್ಲ ಬಿಡಮ್ಮ" ಅನ್ನೋ ಮಾತು. ಹನ್ನೆರಡು ವರ್ಷದ ಹುಡುಗ ಅಮ್ಮನಿಗೆ ವ್ಯಾಕರಣ ಗೊತ್ತಿಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದಾನೆ, ಅಮ್ಮನೂ ಅದನ್ನ ಒಪ್ಪಿಕೊಂಡುಬಿಟ್ಟಿದ್ದಾಳೆ. ಆದರೆ ಈ ಫ್ರೇಸ್ ಗುರುತಿಸೋ ಲೆಕ್ಕದಲ್ಲಿ ಕನ್ನಡ ಚೆನ್ನಾಗಿ ಬಲ್ಲವರ ಕೈಯಲ್ಲಿ ಒಂದು ಕೀಲಿಕೈ ಇದೆ. ಬರೀ ಇಂಗ್ಲಿಷ್ ಗೊತ್ತಿರೋ ಮಗುವಿನ ಹತ್ತಿರ ಅದು ಇಲ್ಲ. ಹೇಗೆ ಅಂತ ನೋಡೋಣ.

ಒಂದೇ ಮೂರು ಪದ, ಎರಡು ಉತ್ತರ

ಮೊದಲು ಫ್ರೇಸ್ ಅಂದ್ರೆ ಏನು? ಒಟ್ಟಿಗೆ ಸೇರಿ ಒಂದು ಕೆಲಸ ಮಾಡೋ ಪದಗಳ ಗುಂಪು. ಅದು ಪೂರ್ತಿ ವಾಕ್ಯ ಅಲ್ಲ, ಅದರೊಳಗೆ ತನ್ನದೇ ಆದ ಕರ್ತೃ ಮತ್ತು ಪೂರ್ಣ ಕ್ರಿಯಾಪದದ ಜೋಡಿ ಇರಲ್ಲ. ಗುಂಪು ಹೆಸರಿನ ಜಾಗದಲ್ಲಿ ಕೂತ್ರೆ ನೌನ್ ಫ್ರೇಸ್, ಒಂದು ಹೆಸರನ್ನ ವರ್ಣಿಸಿದ್ರೆ ಅಡ್ಜೆಕ್ಟಿವ್ ಫ್ರೇಸ್, ಕೆಲಸ ಎಲ್ಲಿ, ಯಾವಾಗ, ಹೇಗೆ, ಯಾಕೆ ನಡೀತು ಅಂತ ಹೇಳಿದ್ರೆ ಅಡ್ವರ್ಬ್ ಫ್ರೇಸ್. ಇಷ್ಟನ್ನ ಎಲ್ಲ ಮಕ್ಕಳೂ ಬಾಯಿಪಾಠ ಮಾಡಿರ್ತಾರೆ. ಕಷ್ಟ ಬರೋದು ಇಂಥ ಕಡೆ:

ದಿ ಮ್ಯಾನ್ *ಆನ್ ದಿ ರೂಫ್* ಈಸ್ ಮೈ ಅಂಕಲ್.

ಮೈ ಅಂಕಲ್ ಈಸ್ ಸ್ಲೀಪಿಂಗ್ *ಆನ್ ದಿ ರೂಫ್*.

ಗೆರೆ ಎಳೆದಿರೋದು ಎರಡರಲ್ಲೂ ಅವೇ ಮೂರು ಪದ. ಅಕ್ಷರವೂ ವ್ಯತ್ಯಾಸ ಇಲ್ಲ. ಆದರೆ ಮೊದಲನೆಯದು ಅಡ್ಜೆಕ್ಟಿವ್ ಫ್ರೇಸ್, ಎರಡನೆಯದು ಅಡ್ವರ್ಬ್ ಫ್ರೇಸ್. ಪದಗಳನ್ನಷ್ಟೇ ನೋಡಿ ಉತ್ತರ ಬರೆಯೋ ಮಗು ಇಲ್ಲಿ ಜಾರಿ ಬೀಳುತ್ತೆ.

ಈಗ ಎರಡನ್ನೂ ಮನೆಯಲ್ಲಿ ಮಾತಾಡೋ ಹಾಗೆ ಕನ್ನಡದಲ್ಲಿ ಹೇಳಿ ನೋಡಿ. "ತಾರಸಿ ಮೇಲಿನ ಮನುಷ್ಯ ನಮ್ಮ ಮಾವ." "ಮಾವ ತಾರಸಿ ಮೇಲೆ ಮಲಗಿದ್ದಾರೆ." ಮೇಲಿನ, ಮೇಲೆ. ಕಂಡಿತಾ? ಇಂಗ್ಲಿಷ್ ಮುಚ್ಚಿಟ್ಟಿದ್ದನ್ನ ಕನ್ನಡ ಪದದ ಬಾಲದಲ್ಲೇ ಬರೆದಿಟ್ಟಿದೆ. "ಮೇಲಿನ" ಅಂದ ಕೂಡಲೇ ಕಿವಿ ಒಂದು ಹೆಸರಿಗೆ ಕಾಯುತ್ತೆ: ಮೇಲಿನ ಏನು? ಮನುಷ್ಯ. "ಮೇಲೆ" ಅಂದ್ರೆ ಕಿವಿ ಕೆಲಸಕ್ಕೆ ಕಾಯುತ್ತೆ: ಮೇಲೆ ಏನು ಮಾಡ್ತಿದ್ದಾರೆ? ಮಲಗಿದ್ದಾರೆ. ಹೆಸರಿಗೆ ಅಂಟಿಕೊಂಡದ್ದು ಅಡ್ಜೆಕ್ಟಿವ್, ಕ್ರಿಯೆಗೆ ಅಂಟಿಕೊಂಡದ್ದು ಅಡ್ವರ್ಬ್.

ಇದು ಒಂದು ವಾಕ್ಯದ ಅದೃಷ್ಟ ಅಲ್ಲ. "ಎ ರಿಂಗ್ *ಆಫ್ ಗೋಲ್ಡ್*": ಚಿನ್ನದ ಉಂಗುರ. ಅಡ್ಜೆಕ್ಟಿವ್. "ಎ ವುಮನ್ *ವಿತ್ ಗ್ರೇಟ್ ಕರೇಜ್*": ಬಹಳ ಧೈರ್ಯವಿರುವ ಹೆಂಗಸು. ಅಡ್ಜೆಕ್ಟಿವ್. "ಷಿ ಕ್ಯಾರೀಡ್ ದಿ ಪಾಟ್ *ವಿತ್ ಗ್ರೇಟ್ ಕೇರ್*": ಬಿಂದಿಗೆಯನ್ನ ಬಹಳ ಎಚ್ಚರಿಕೆಯಿಂದ ಹೊತ್ತಳು. ಅಡ್ವರ್ಬ್. "ವಿತ್ ಗ್ರೇಟ್" ಅನ್ನೋದು ಎರಡು ಕಡೆಯೂ ಇದೆ, ಆದರೆ ಒಂದು ಕಡೆ "ಇರುವ", ಇನ್ನೊಂದು ಕಡೆ "ಇಂದ". ಬಾಲ ನೋಡಿದ್ರೆ ಜಾತಕ ಗೊತ್ತಾಗುತ್ತೆ.

ಯಾಕೆ ಹೀಗೆ? ಕನ್ನಡದಲ್ಲಿ ವರ್ಣಿಸೋ ಮಾತು ಯಾವಾಗಲೂ ಹೆಸರಿನ ಮುಂಚೆ ಬರುತ್ತೆ. ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಹೋಗುತ್ತೆ. ನಡುವೆ ಇರೋ ಪದಗಳೆಲ್ಲ ತಾವು ಮುಂದೆ ಯಾರ ಜೊತೆ ಸೇರ್ತೀವಿ ಅನ್ನೋದನ್ನ ಪ್ರತ್ಯಯದಲ್ಲಿ ಹೇಳಬೇಕು. ಹಳೆಯ ಇಂಗ್ಲಿಷಿನಲ್ಲೂ ವಿಭಕ್ತಿಯ ಥರದ ಪ್ರತ್ಯಯಗಳಿದ್ದವು. ಸುಮಾರು ಸಾವಿರ ವರ್ಷದಲ್ಲಿ ಅವು ಬಹುಪಾಲು ಸವೆದುಹೋದವು. ಈಗ ಇಂಗ್ಲಿಷಿನಲ್ಲಿ ಪದ ಕೂತ ಜಾಗವೇ ಆ ಕೆಲಸ ಮಾಡಬೇಕು. ನಮ್ಮಲ್ಲಿ ಪ್ರತ್ಯಯ ಇನ್ನೂ ಗಟ್ಟಿಯಾಗಿದೆ.

ಈಜುವುದು, ಈಜುವ, ಈಜಲು

ಎರಡನೇ ತೊಡಕು ಕ್ರಿಯಾಪದದಿಂದ ಹುಟ್ಟಿದ ಫ್ರೇಸ್‌ಗಳದ್ದು. ಜೆರಂಡ್, ಪಾರ್ಟಿಸಿಪಲ್, ಇನ್ಫಿನಿಟಿವ್ ಅಂತ ಮೂರು ಹೆಸರು ಕೇಳಿದ ಕೂಡಲೇ ಮಕ್ಕಳಿಗೆ ನಿದ್ದೆ ಬರುತ್ತೆ, ಅಪ್ಪ ಅಮ್ಮಂದಿರಿಗೆ ಫೋನ್ ನೆನಪಾಗುತ್ತೆ. ಮೂರು ವಾಕ್ಯ ನೋಡಿ:

*ಸ್ವಿಮ್ಮಿಂಗ್ ಇನ್ ದಿ ಕೆನಾಲ್* ಈಸ್ ಡೇಂಜರಸ್.

ದಿ ಬಾಯ್ *ಸ್ವಿಮ್ಮಿಂಗ್ ಇನ್ ದಿ ಕೆನಾಲ್* ಈಸ್ ಮೈ ಕಸಿನ್.

ಹಿ ವೆಂಟ್ ಟು ದಿ ಕೆನಾಲ್ *ಟು ಸ್ವಿಮ್*.

ಕನ್ನಡಕ್ಕೆ ತನ್ನಿ. "ಕಾಲುವೆಯಲ್ಲಿ ಈಜುವುದು ಅಪಾಯ." "ಕಾಲುವೆಯಲ್ಲಿ ಈಜುತ್ತಿರುವ ಹುಡುಗ ನನ್ನ ಕಸಿನ್." "ಅವನು ಈಜಲು ಕಾಲುವೆಗೆ ಹೋದ." ಈಜುವುದು ಅಂದ್ರೆ ಒಂದು ಕೆಲಸದ ಹೆಸರು, ಆದ್ದರಿಂದ ಮೊದಲನೆಯದು ನೌನ್ ಫ್ರೇಸ್. ಈಜುತ್ತಿರುವ ಅಂದ್ರೆ ಹುಡುಗನ ವರ್ಣನೆ, ಎರಡನೆಯದು ಅಡ್ಜೆಕ್ಟಿವ್ ಫ್ರೇಸ್. ಈಜಲು ಅಂದ್ರೆ ಯಾಕೆ ಹೋದ ಅನ್ನೋದಕ್ಕೆ ಉತ್ತರ, ಮೂರನೆಯದು ಅಡ್ವರ್ಬ್ ಫ್ರೇಸ್. ಮೊದಲೆರಡು ವಾಕ್ಯದಲ್ಲಿ ಇಂಗ್ಲಿಷ್ "ಸ್ವಿಮ್ಮಿಂಗ್" ಅಂತ ಒಂದೇ ವೇಷ ಹಾಕಿಕೊಂಡು ಬಂದಿತ್ತು. ಕನ್ನಡದಲ್ಲಿ ವೇಷ ಕಳಚಿತು.

ಕನ್ನಡ ಮೀಡಿಯಂನಲ್ಲಿ ಹೈಸ್ಕೂಲ್ ಮುಗಿಸಿದವರಿಗೆ ಇಲ್ಲಿ ಏನೋ ನೆನಪಾಗಬೇಕು. ಕೃದಂತ! ಮಾಡುವ, ಮಾಡಿದ ಇವು ಕೃದಂತನಾಮ. ಓದುವಿಕೆ, ಓಟ, ನೋಟ ಇವು ಕೃದಂತ ಭಾವನಾಮ. ಮಾಡಿ, ಮಾಡುತ್ತಾ, ಮಾಡಲು ಇವು ಕೃದಂತಾವ್ಯಯ. ಮೇಷ್ಟ್ರು ಬೋರ್ಡಿನ ಮೇಲೆ ಮೂರು ಕಾಲಂ ಹಾಕಿ ಬರೆಸಿದ್ದು ನೆನಪಿದೆಯಾ? ಆ ಮೂರು ಕಾಲಂ ಮತ್ತು ಮಗುವಿನ ಇಂಗ್ಲಿಷ್ ಹೋಂವರ್ಕಿನ ಮೂರು ಕಾಲಂ ಒಂದರ ಪಕ್ಕ ಒಂದು ಇಟ್ಟು ನೋಡಿ. ಕೃದಂತನಾಮ ಅಡ್ಜೆಕ್ಟಿವ್ ಕೆಲಸ ಮಾಡುತ್ತೆ: ಓದುವ ಹುಡುಗಿ, ಬಿದ್ದ ಮರ. ಭಾವನಾಮ ನೌನ್ ಕೆಲಸ ಮಾಡುತ್ತೆ, "ಓದುವುದು" ಅನ್ನೋದೂ ಅದೇ ಸಾಲಿನಲ್ಲಿ ನಿಲ್ಲುತ್ತೆ. ಕೃದಂತಾವ್ಯಯ ಅಡ್ವರ್ಬ್ ಕೆಲಸ ಮಾಡುತ್ತೆ: ಓದುತ್ತಾ ಕೂತಳು, ಓದಲು ಹೋದಳು. ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದಾಗಿನಿಂದ ಕನ್ನಡದ ಪದಗಳನ್ನ ಹೀಗೆ ಅವುಗಳ ಬಾಲ ಮತ್ತು ಕೆಲಸ ನೋಡಿ ವಿಂಗಡಿಸ್ತಾನೇ ಬಂದಿದ್ದೀವಿ. ಅಕ್ಕನಿಗೆ ಇದನ್ನ ಫೋನಿನಲ್ಲಿ ಹೇಳಿದಾಗ ಒಂದು ನಿಮಿಷ ಸುಮ್ಮನಿದ್ದು, "ಅಯ್ಯೋ, ಇದು ನಾವು ಒಂಬತ್ತರಲ್ಲಿ ಓದಿದ್ದೇ ಅಲ್ವೇನೋ" ಅಂದಳು.

"ಟು" ಇಂದ ಶುರುವಾಗೋ ಫ್ರೇಸ್‌ಗಳಿಗೂ ಇದೇ ಉಪಾಯ. "*ಟು ಟೆಲ್ ಎ ಲೈ* ಈಸ್ ರಾಂಗ್": ಸುಳ್ಳು ಹೇಳುವುದು ತಪ್ಪು. ನೌನ್. "ವಿ ಹ್ಯಾವ್ ನೋ ವಾಟರ್ *ಟು ಡ್ರಿಂಕ್*": ಕುಡಿಯುವ ನೀರಿಲ್ಲ. ಅಡ್ಜೆಕ್ಟಿವ್. "ಷಿ ಸ್ಟಾಪ್ಡ್ ಅಟ್ ಅವರ್ ಹೌಸ್ *ಟು ಡ್ರಿಂಕ್ ವಾಟರ್*": ನೀರು ಕುಡಿಯಲು ನಮ್ಮ ಮನೆಯ ಹತ್ತಿರ ನಿಂತಳು. ಅಡ್ವರ್ಬ್. ಒಂದು ಎಚ್ಚರಿಕೆ ಬೇಕು. ನಾವು ಮಾತಾಡುವಾಗ "ಕುಡಿಯೋಕೆ ನೀರಿಲ್ಲ" ಅಂತಲೂ ಅಂತೀವಿ. ಹಾಗೆ ಅಂದ್ರೆ ಬಾಲ ನೋಡಿ ಅಡ್ವರ್ಬ್ ಅಂತ ಮೋಸಹೋಗಬಹುದು. ಆದ್ದರಿಂದ ಗೆರೆ ಎಳೆದ ಭಾಗದ ಹಿಂದೆ ಒಂದು ಹೆಸರು ಇದ್ರೆ, ಆ ಹೆಸರು ಮತ್ತು ಫ್ರೇಸ್ ಎರಡನ್ನೇ ಕಿತ್ತು ಒಟ್ಟಿಗೆ ಹೇಳಿ ನೋಡಬೇಕು. "ವಾಟರ್ ಟು ಡ್ರಿಂಕ್": ಕುಡಿಯುವ ನೀರು. ಪಂಚಾಯಿತಿ ಟ್ಯಾಂಕಿನ ಮೇಲೆ ಬರೆದಿರೋದೂ ಅದೇ.

ಕೀಲಿಕೈ ತಿರುಗದ ಮೂರು ಬೀಗ

ಎಲ್ಲ ಬೀಗಕ್ಕೂ ಒಂದೇ ಕೀಲಿ ಅಂತ ಹೇಳಿದ್ರೆ ನಾಳೆ ಕ್ಲಾಸಿನಲ್ಲಿ ಮಗು ಒದ್ದಾಡುತ್ತೆ. ಕನ್ನಡಕ್ಕೆ ತಂದು ನೋಡೋ ಉಪಾಯ ಕೈಕೊಡೋ ಜಾಗಗಳೂ ಇವೆ. ಮುಖ್ಯವಾದವು ಮೂರು.

ಮೊದಲನೆಯದು ಫ್ರೇಸಾ, ಕ್ಲಾಸಾ ಅನ್ನೋ ಪ್ರಶ್ನೆ. ಶಾಲೆಯ ಕ್ಲಾಸ್ ಅಲ್ಲ, ವಾಕ್ಯದೊಳಗಿನ ಉಪವಾಕ್ಯ. "ದಿ ಬಾಯ್ *ಫ್ರಮ್ ಹಾಸನ್*" ಅಂದ್ರೆ ಹಾಸನದ ಹುಡುಗ. "ದಿ ಬಾಯ್ *ಹೂ ಕೇಮ್ ಯೆಸ್ಟರ್‌ಡೇ*" ಅಂದ್ರೆ ನಿನ್ನೆ ಬಂದ ಹುಡುಗ. ಕನ್ನಡದಲ್ಲಿ ಎರಡೂ ಒಂದೇ ಥರ ಕಾಣುತ್ತೆ. ಇಂಗ್ಲಿಷಿನಲ್ಲಿ ಎರಡನೆಯದರೊಳಗೆ "ಹೂ" ಅನ್ನೋ ಕರ್ತೃ, "ಕೇಮ್" ಅನ್ನೋ ಪೂರ್ಣ ಕ್ರಿಯಾಪದ ಎರಡೂ ಇವೆ, ಆದ್ದರಿಂದ ಅದು ಅಡ್ಜೆಕ್ಟಿವ್ ಕ್ಲಾಸ್. ಇಂಗ್ಲಿಷ್ ಉಪವಾಕ್ಯಗಳನ್ನ ಕನ್ನಡ ತನ್ನ ಕೃದಂತದಲ್ಲಿ ಮಡಚಿ ಇಟ್ಟುಬಿಡುತ್ತೆ. ಹಾಗಾಗಿ ಫ್ರೇಸಾ ಕ್ಲಾಸಾ ಅನ್ನೋದನ್ನ ಇಂಗ್ಲಿಷ್ ವಾಕ್ಯ ನೋಡಿಯೇ ತೀರ್ಮಾನಿಸಬೇಕು. ಅದಾದ ಮೇಲೆ ಯಾವ ಬಗೆ ಅನ್ನೋದಕ್ಕೆ ಕನ್ನಡ ಸಹಾಯಕ್ಕೆ ಬರುತ್ತೆ.

ಎರಡನೆಯದು "ಈಸ್, ಆರ್, ವಾಸ್" ಆದಮೇಲೆ ಬರೋ ಫ್ರೇಸ್. "ಮೈ ಫಾದರ್ ಈಸ್ *ಇನ್ ಎ ಬ್ಯಾಡ್ ಮೂಡ್*." ಕನ್ನಡದಲ್ಲಿ "ಅಪ್ಪ ಕೆಟ್ಟ ಮೂಡಿನಲ್ಲಿದ್ದಾರೆ." ಬಾಲ "ಅಲ್ಲಿ" ಅಂತಿದೆ, ಅಡ್ವರ್ಬ್ ಅನ್ನಿಸುತ್ತೆ. ಶಾಲೆಯ ವ್ಯಾಕರಣದಲ್ಲಿ ಇದು ಅಡ್ಜೆಕ್ಟಿವ್ ಫ್ರೇಸ್, ಯಾಕಂದ್ರೆ ಅಪ್ಪ ಎಂಥವರಾಗಿದ್ದಾರೆ ಅಂತ ಹೇಳುತ್ತೆ. ಇಲ್ಲಿ ಬೇರೆ ಪರೀಕ್ಷೆ ಬೇಕು: ಇಡೀ ಫ್ರೇಸ್ ತೆಗೆದು ಒಂದೇ ಪದ ಹಾಕಿ. "ಮೈ ಫಾದರ್ ಈಸ್ ಆಂಗ್ರಿ." ಆಂಗ್ರಿ ಅಡ್ಜೆಕ್ಟಿವ್, ಹಾಗಾದ್ರೆ ಫ್ರೇಸೂ ಅಡ್ಜೆಕ್ಟಿವ್. "ಮೈ ಫಾದರ್ ಈಸ್ *ಇನ್ ದಿ ಗಾರ್ಡನ್*" ಅನ್ನೋದನ್ನ "ಮೈ ಫಾದರ್ ಈಸ್ ದೇರ್" ಅಂತ ಬದಲಾಯಿಸಬಹುದು, ಅಲ್ಲಿ ಅಡ್ವರ್ಬ್.

ಮೂರನೆಯದು "ಹೋಪ್, ವಾಂಟ್, ಡಿಸೈಡ್" ಇಂಥ ಕ್ರಿಯಾಪದಗಳ ಮುಂದೆ ಬರೋ "ಟು". "ಷಿ ಹೋಪ್ಸ್ *ಟು ಬಿಕಮ್ ಎ ಡಾಕ್ಟರ್*." ಕನ್ನಡದಲ್ಲಿ "ಡಾಕ್ಟರ್ ಆಗ್ತೀನಿ ಅಂತ ಆಸೆ ಇಟ್ಟುಕೊಂಡಿದ್ದಾಳೆ" ಅಂತ ವಾಕ್ಯವೇ ಬೇರೆ ಆಕಾರ ತಾಳುತ್ತೆ. ಇಲ್ಲಿ ಕ್ರಿಯಾಪದದ ಮುಂದೆ "ಏನನ್ನು?" ಅಂತ ಕೇಳಿ. ಏನನ್ನು ಬಯಸ್ತಾಳೆ? ಡಾಕ್ಟರ್ ಆಗುವುದನ್ನು. "ಏನು, ಏನನ್ನು" ಅನ್ನೋ ಪ್ರಶ್ನೆಗೆ ಇಡೀ ಗುಂಪು ಉತ್ತರವಾದ್ರೆ ಅದು ನೌನ್ ಫ್ರೇಸ್.

ಮೂರು ಕಡೆ ಕೇಳಿದ್ರೆ ಮೂರು ಉತ್ತರ

ಈಗ ಅಕ್ಕನ ಮಗನಿಗೆ ಮಾರ್ಕ್ ಹೋದ ಕಥೆ. "ದಿ ಹೌಸ್ *ಬಿಹೈಂಡ್ ದಿ ಟೆಂಪಲ್*" ಅನ್ನೋದಕ್ಕೆ ಅವನು ಫೋನಿನಲ್ಲಿ ಹುಡುಕಿ "ಪ್ರಿಪೊಸಿಷನಲ್ ಫ್ರೇಸ್" ಅಂತ ಬರೆದಿದ್ದ. ಟೀಚರ್ ಕೆಂಪು ಇಂಕಿನಲ್ಲಿ ಹೊಡೆದು "ಅಡ್ಜೆಕ್ಟಿವ್ ಫ್ರೇಸ್" ಅಂತ ಬರೆದಿದ್ದರು. ಹುಡುಗ ಟೀಚರ್‌ಗೆ ಗೊತ್ತಿಲ್ಲ ಅಂದ. ಅಕ್ಕ ಫೋನ್ ಸುಳ್ಳು ಹೇಳುತ್ತೆ ಅಂದಳು. ನಿಜ ಹೇಳಬೇಕೂ ಅಂದ್ರೆ ಎರಡೂ ಸರಿ. ಇದನ್ನ ಬಿಡಿಸಿ ಹೇಳದೇ ಇರೋದೇ ಈ ಪಾಠದ ದೊಡ್ಡ ತೊಂದರೆ.

ನಮ್ಮ ಹಿತ್ತಲಲ್ಲಿ ಬೇವಿನ ಕಡ್ಡಿ ಇದೆ ಅಂದುಕೊಳ್ಳಿ. ಬೆಳಿಗ್ಗೆ ಅಜ್ಜ ಅದನ್ನ ಮುರಿದು ಹಲ್ಲುಜ್ಜಿದ್ರೆ ಅದು ಹಲ್ಲುಕಡ್ಡಿ. ಅಂಥದ್ದೇ ಇನ್ನೊಂದನ್ನ ಅಜ್ಜಿ ಅವರೆ ಬಳ್ಳಿಗೆ ಊರಿದ್ರೆ ಅದು ಊರುಗೋಲು. ಯಾವುದರಿಂದ ಆಗಿದೆ ಅಂತ ಕೇಳಿದ್ರೆ ಎರಡೂ ಬೇವಿನ ಕಡ್ಡಿ. ಏನು ಕೆಲಸ ಮಾಡ್ತಿದೆ ಅಂತ ಕೇಳಿದ್ರೆ ಬೇರೆ ಬೇರೆ ಉತ್ತರ. ಫ್ರೇಸ್‌ಗಳಿಗೂ ಹೀಗೇ ಎರಡು ಲೆಕ್ಕದಲ್ಲಿ ಹೆಸರಿಡ್ತಾರೆ.

ಒಂದು, ಕೆಲಸ ನೋಡಿ ಹೆಸರಿಡೋದು. ನಮ್ಮ ದೇಶದ ಶಾಲೆಗಳಲ್ಲಿ ಇದು ಬೇರೂರಿದ್ದಕ್ಕೆ ರೆನ್ ಮತ್ತು ಮಾರ್ಟಿನ್ ಅವರ ಹೈಸ್ಕೂಲ್ ಇಂಗ್ಲಿಷ್ ಗ್ರಾಮರ್ ಒಂದು ದೊಡ್ಡ ಕಾರಣ. 1930ರ ದಶಕದ ಪುಸ್ತಕ ಅದು, ಈಗಲೂ ಅಂಗಡಿಯಲ್ಲಿ ಸಿಗುತ್ತೆ, ಎಷ್ಟೋ ಮನೆಗಳ ಅಟ್ಟದಲ್ಲೂ ಸಿಗುತ್ತೆ. ಪಿ. ಸಿ. ರೆನ್ ಭಾರತದಲ್ಲಿ ಶಿಕ್ಷಣ ಇಲಾಖೆಯ ಕೆಲಸ ಮಾಡಿದ್ದವರು. 1924ರಲ್ಲಿ ಬಂದ 'ಬೋ ಜೆಸ್ಟ್' ಅನ್ನೋ ಸಾಹಸ ಕಾದಂಬರಿ ಬರೆದವರೂ ಅವರೇ. ಈ ಪದ್ಧತಿಯಲ್ಲಿ ಅಡ್ಜೆಕ್ಟಿವ್ ಕೆಲಸ ಮಾಡೋದೆಲ್ಲ ಅಡ್ಜೆಕ್ಟಿವ್ ಫ್ರೇಸ್, ಅದು ಯಾವ ಪದದಿಂದ ಶುರುವಾದ್ರೂ ಸರಿ.

ಎರಡು, ಗುಂಪಿನ ಯಜಮಾನ ಪದ ಯಾವುದು ಅಂತ ನೋಡಿ ಹೆಸರಿಡೋದು. ಈಗಿನ ಭಾಷಾಶಾಸ್ತ್ರಜ್ಞರ ದಾರಿ ಇದು. ಕ್ವರ್ಕ್, ಗ್ರೀನ್‌ಬಾಮ್, ಲೀಚ್, ಸ್ವಾರ್ಟ್ವಿಕ್ ನಾಲ್ವರು ಸೇರಿ 1985ರಲ್ಲಿ ತಂದ ದಪ್ಪ ಇಂಗ್ಲಿಷ್ ವ್ಯಾಕರಣದಲ್ಲಿ ಫ್ರೇಸ್‌ಗಳು ಐದು: ನೌನ್, ವರ್ಬ್, ಅಡ್ಜೆಕ್ಟಿವ್, ಅಡ್ವರ್ಬ್, ಪ್ರಿಪೊಸಿಷನಲ್. "ಬಿಹೈಂಡ್ ದಿ ಟೆಂಪಲ್" ಶುರುವಾಗೋದು "ಬಿಹೈಂಡ್" ಅನ್ನೋ ಪ್ರಿಪೊಸಿಷನ್ನಿಂದ, ಆದ್ದರಿಂದ ಅದು ಎಲ್ಲಿ ಕೂತ್ರೂ ಪ್ರಿಪೊಸಿಷನಲ್ ಫ್ರೇಸ್. ಈ ಪದ್ಧತಿಯಲ್ಲಿ ಅಡ್ಜೆಕ್ಟಿವ್ ಫ್ರೇಸ್ ಅಂದ್ರೆ "ವೆರಿ ಟಾಲ್", "ಫುಲ್ ಆಫ್ ವಾಟರ್" ಥರ ಒಂದು ಅಡ್ಜೆಕ್ಟಿವ್ ಯಜಮಾನನಾಗಿರೋ ಗುಂಪು. ನೋಡಿ, ಹೆಸರು ಅದೇ, ಅರ್ಥ ಬೇರೆ! ಒಂದು ಗೈಡ್ ಹಳೇ ಪದ್ಧತಿ ಹಿಡಿದಿರುತ್ತೆ, ಇನ್ನೊಂದು ಆ್ಯಪ್ ಹೊಸದನ್ನ ಹಿಡಿದಿರುತ್ತೆ, ಮೂರನೆಯ ಕಡೆ ಎರಡೂ ಕಲಸುಮೇಲೋಗರ. ನಡುವೆ ಸಿಕ್ಕಿಹಾಕಿಕೊಳ್ಳೋದು ಮಗು.

ಹಾಗಾಗಿ ಹೋಂವರ್ಕ್ ಶುರು ಮಾಡೋ ಮುಂಚೆ ಮಗುವಿನ ಪಠ್ಯದಲ್ಲಿ ಈ ಪಾಠದ ಮೊದಲ ಪುಟ ತೆಗೆಸಿ. "ಅಡ್ಜೆಕ್ಟಿವ್ ಕೆಲಸ ಮಾಡೋ ಪದಗುಚ್ಛ" ಅನ್ನೋ ಅರ್ಥದ ಮಾತಿದ್ರೆ ಕೆಲಸದ ಲೆಕ್ಕ. ಪ್ರಿಪೊಸಿಷನಲ್ ಫ್ರೇಸ್, ವರ್ಬ್ ಫ್ರೇಸ್ ಅಂತ ಪಟ್ಟಿಯಲ್ಲಿದ್ರೆ ಯಜಮಾನನ ಲೆಕ್ಕ. ಪರೀಕ್ಷೆಯಲ್ಲಿ ಯಾವ ಲೆಕ್ಕದಲ್ಲಿ ಪಾಠ ಆಗಿದೆಯೋ ಅದೇ ಲೆಕ್ಕದಲ್ಲಿ ಬರೀಬೇಕು. ಎರಡೂ ಗೊತ್ತಿರೋ ಮಗು "ಇದು ಅಡ್ಜೆಕ್ಟಿವ್ ಕೆಲಸ ಮಾಡ್ತಿರೋ ಪ್ರಿಪೊಸಿಷನಲ್ ಫ್ರೇಸ್" ಅಂತ ಟೀಚರ್ ಹತ್ತಿರ ವಿನಯವಾಗಿ ಕೇಳಬಹುದು. ಕೇಳೋದರಲ್ಲಿ ತಪ್ಪೇನಿಲ್ಲ, "ನಿಮಗೆ ಗೊತ್ತಿಲ್ಲ" ಅನ್ನೋದರಲ್ಲಿ ತಪ್ಪಿದೆ.

ಇಷ್ಟೆಲ್ಲ ಯಾಕೆ ಬೇಕು?

ಎರಡು ಮಾರ್ಕಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಾ ಅಂತ ಕೇಳೋರಿದ್ದಾರೆ. ನನ್ನ ಕೆಲಸದಿಂದ ಒಂದು ಉದಾಹರಣೆ ಕೊಡ್ತೀನಿ. ಆಫೀಸಿನಲ್ಲಿ ಇಂಗ್ಲಿಷಿನಲ್ಲಿ ಮೆಸೇಜ್ ಬರುತ್ತೆ: "ಟೆಲ್ ಮಿ ಅಬೌಟ್ ದಿ ಮೀಟಿಂಗ್ ಆನ್ ಫ್ರೈಡೇ." ಇದರ ಅರ್ಥ ಏನು? ಶುಕ್ರವಾರದ ಮೀಟಿಂಗ್ ಬಗ್ಗೆ ಈಗ ಹೇಳಬೇಕಾ, ಮೀಟಿಂಗ್ ಬಗ್ಗೆ ಶುಕ್ರವಾರ ಹೇಳಬೇಕಾ? "ಆನ್ ಫ್ರೈಡೇ" ಮೀಟಿಂಗ್‌ಗೆ ಅಂಟಿದ ಅಡ್ಜೆಕ್ಟಿವ್ ಫ್ರೇಸ್ ಆದ್ರೆ ಇವತ್ತೇ ಉತ್ತರ ಕೊಡಬೇಕು. "ಟೆಲ್" ಅನ್ನೋದಕ್ಕೆ ಅಂಟಿದ ಅಡ್ವರ್ಬ್ ಫ್ರೇಸ್ ಆದ್ರೆ ಶುಕ್ರವಾರದವರೆಗೂ ಟೈಮ್ ಇದೆ. ಕನ್ನಡದಲ್ಲಿ "ಶುಕ್ರವಾರದ" ಮತ್ತು "ಶುಕ್ರವಾರ", ಮುಗೀತು, ಅನುಮಾನಕ್ಕೆ ಜಾಗವೇ ಇಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಈ ಎರಡು ಅರ್ಥ ಕಣ್ಣಿಗೆ ಬಿದ್ದವನು ವಾಕ್ಯವನ್ನ ತಿರುಗಿಸಿ ಬರೀತಾನೆ. ಕಣ್ಣಿಗೆ ಬೀಳದವನು ಕಳಿಸಿಬಿಡ್ತಾನೆ, ಆಮೇಲೆ ಜಗಳ.

ಕಂಪ್ಯೂಟರ್‌ಗೂ ಇದೇ ಪಾಠ ಕಲಿಸಬೇಕಾಯ್ತು. ನೋಮ್ ಚಾಮ್ಸ್ಕಿ 1957ರಲ್ಲಿ 'ಸಿಂಟ್ಯಾಕ್ಟಿಕ್ ಸ್ಟ್ರಕ್ಚರ್ಸ್' ಅನ್ನೋ ಸಣ್ಣ ಪುಸ್ತಕ ತಂದರು. ವಾಕ್ಯವನ್ನ ನೌನ್ ಫ್ರೇಸ್, ವರ್ಬ್ ಫ್ರೇಸ್ ಅಂತ ಒಡೆದು, ಅವನ್ನ ಮತ್ತೆ ಒಡೆದು, ಮರದ ಕೊಂಬೆಗಳ ಹಾಗೆ ತೋರಿಸೋ ನಿಯಮಗಳು ಅದರಲ್ಲಿವೆ. ಅದಾಗಿ ಎರಡು ಮೂರು ವರ್ಷಕ್ಕೆ ಜಾನ್ ಬ್ಯಾಕಸ್ ಮತ್ತು ಪೀಟರ್ ನೌರ್ ಕಂಪ್ಯೂಟರ್ ಭಾಷೆಗಳ ವ್ಯಾಕರಣವನ್ನ ಹೆಚ್ಚುಕಡಿಮೆ ಅಂಥದ್ದೇ ನಿಯಮಗಳಲ್ಲಿ ಬರೆದರು. ಆಲ್ಗಾಲ್ 60 ಅನ್ನೋ ಭಾಷೆಯನ್ನ ಹಾಗೆ ವಿವರಿಸಿದರು. ನಾವು ಎಂಜಿನಿಯರಿಂಗಿನಲ್ಲಿ ಕಂಪೈಲರ್ ಅಂತ ಒಂದು ಪೇಪರ್ ಓದ್ತೀವಿ, ಅದರ ಅರ್ಧ ಭಾಗ ಇದೇ: ಯಾವ ಗುಂಪು ಯಾವುದಕ್ಕೆ ಅಂಟುತ್ತೆ ಅಂತ ಕಂಡುಹಿಡಿಯೋದು. ಏಳನೇ ಕ್ಲಾಸಿನ ಹೋಂವರ್ಕ್ ಅಲ್ಲಿ ದೊಡ್ಡ ಹೆಸರು ಹಾಕಿಕೊಂಡು ಬಂದಿರುತ್ತೆ ಅಷ್ಟೇ.

ಇದಕ್ಕಿಂತ ಮುಖ್ಯ ಅನ್ನಿಸೋದು ಇನ್ನೊಂದಿದೆ. ಇಂಗ್ಲಿಷ್ ಮೀಡಿಯಂಗೆ ಮಕ್ಕಳನ್ನ ಕಳಿಸೋ ಕನ್ನಡದ ಮನೆಗಳಲ್ಲಿ ಒಂದು ವಿಚಿತ್ರ ನಡೀತಿದೆ. ಮಗು ಮುಂದೆ ಹೋದ ಹಾಗೆಲ್ಲ ಅಮ್ಮ ಹಿಂದೆ ಸರೀತಾಳೆ. ತನಗೆ ಗೊತ್ತಿರೋ ಭಾಷೆ ಪಾಠಕ್ಕೆ ಉಪಯೋಗಕ್ಕೆ ಬರಲ್ಲ ಅಂತ ಅವಳಿಗೆ ಯಾರೂ ಬಾಯಿಬಿಟ್ಟು ಹೇಳಿರಲ್ಲ, ಆದರೂ ಅವಳು ನಂಬಿರ್ತಾಳೆ. ಮಗು ಅದನ್ನ ನೋಡಿ ಕಲಿಯುತ್ತೆ: ಕನ್ನಡ ಅಡುಗೆಮನೆಗೆ, ಇಂಗ್ಲಿಷ್ ಪುಸ್ತಕಕ್ಕೆ. ಒಂದು ಭಾಷೆ ಚೆನ್ನಾಗಿ ಗೊತ್ತಿದ್ರೆ ಇನ್ನೊಂದು ಭಾಷೆಯ ಒಳಗೆ ನೋಡೋಕೆ ಕಿಟಕಿ ಸಿಗುತ್ತೆ ಅನ್ನೋದನ್ನ ಅಮ್ಮನೇ ತೋರಿಸಿದ್ರೆ ಆ ಮಗು ಎರಡನ್ನೂ ಗೌರವದಿಂದ ನೋಡುತ್ತೆ. ಜೆರಂಡ್ ಅನ್ನೋ ಪದದ ಅರ್ಥ ಅಮ್ಮನಿಗೆ ಗೊತ್ತಿರಬೇಕಿಲ್ಲ. "ಇದನ್ನ ಕನ್ನಡದಲ್ಲಿ ಹೇಳು, ಕೊನೆಯಲ್ಲಿ ಏನು ಬಂತು ಹೇಳು" ಅಂತ ಕೇಳೋಕೆ ಬಂದ್ರೆ ಸಾಕು.

ಈ ವಾರ ಮನೆಯಲ್ಲಿ ಮಾಡಿ ನೋಡಿ

ಮಗುವಿನ ಜೊತೆ ಕೂತಾಗ ನಾಲ್ಕು ಹೆಜ್ಜೆ ಸಾಕು.

1. ಗೆರೆ ಎಳೆದ ಭಾಗದಲ್ಲಿ ಕರ್ತೃ ಮತ್ತು ಪೂರ್ಣ ಕ್ರಿಯಾಪದ ಎರಡೂ ಇವೆಯಾ? ಇದ್ರೆ ಅದು ಫ್ರೇಸ್ ಅಲ್ಲ, ಕ್ಲಾಸ್. ಇಲ್ಲದಿದ್ರೆ ಮುಂದಕ್ಕೆ.

2. ಇಡೀ ವಾಕ್ಯವನ್ನ ಮಗುವೇ ಕನ್ನಡದಲ್ಲಿ ಹೇಳಲಿ. ಪುಸ್ತಕದ ಕನ್ನಡ ಬೇಡ, ಮನೆಮಾತು ಸಾಕು.

3. ಗೆರೆ ಎಳೆದ ಭಾಗದ ಕನ್ನಡದ ಬಾಲ ನೋಡಿ. "ಇನ, ದ, ಇರುವ, ಇರೋ, ಉವ" ಬಂದು ಪಕ್ಕದಲ್ಲಿ ಒಂದು ಹೆಸರು ನಿಂತಿದ್ರೆ ಅಡ್ಜೆಕ್ಟಿವ್. "ಅಲ್ಲಿ, ಇಂದ, ಆಗಿ, ಮೇಲೆ, ಅಲು, ತ್ತಾ" ಬಂದು ಕ್ರಿಯೆಯ ಕಡೆ ಕೈಚಾಚಿದ್ರೆ ಅಡ್ವರ್ಬ್. "ಉವುದು, ಓದು" ಬಂದ್ರೆ, ಇಲ್ಲವೇ ಇಡೀ ಗುಂಪು ಒಂದು ಹೆಸರಿನ ಥರ ಇದ್ರೆ ನೌನ್.

4. ಅನುಮಾನ ಉಳಿದ್ರೆ ಇಂಗ್ಲಿಷಿನಲ್ಲೇ ಒಂದು ಪದ ಹಾಕಿ ಬದಲಾಯಿಸಿ. ಇಟ್, ಹಿ, ಷಿ, ದೆಮ್ ಕೂತ್ರೆ ನೌನ್. ದೇರ್, ದೆನ್ ಕೂತ್ರೆ ಅಡ್ವರ್ಬ್. ಆಂಗ್ರಿ, ರಿಚ್ ಥರದ ಪದ ಕೂತ್ರೆ ಅಡ್ಜೆಕ್ಟಿವ್.

ಅಭ್ಯಾಸಕ್ಕೆ ಆರು. ಉತ್ತರ ಕೆಳಗಿದೆ, ಮೊದಲೇ ನೋಡಬೇಡಿ.

ಅ) ದಿ ಟೀ *ಇನ್ ದಿ ಫ್ಲಾಸ್ಕ್* ಈಸ್ ಕೋಲ್ಡ್.
ಆ) ಅಜ್ಜಿ ಕೆಪ್ಟ್ ದಿ ಮನಿ *ಇನ್ ದಿ ರೈಸ್ ಟಿನ್*.
ಇ) *ವೇಟಿಂಗ್ ಫಾರ್ ದಿ ಬಸ್* ಈಸ್ ಬೋರಿಂಗ್.
ಈ) ದಿ ಪೀಪಲ್ *ವೇಟಿಂಗ್ ಫಾರ್ ದಿ ಬಸ್* ವರ್ ಟೈರ್ಡ್.
ಉ) ವಿ ವೆಂಟ್ ಟು ಮೈಸೂರು *ಟು ಸೀ ದಿ ಪ್ಯಾಲೇಸ್*.
ಊ) ಹಿ ಈಸ್ ಎ ಮ್ಯಾನ್ *ಆಫ್ ಫ್ಯೂ ವರ್ಡ್ಸ್*.

ಅ) ಫ್ಲಾಸ್ಕಿನಲ್ಲಿರೋ ಟೀ, ಅಡ್ಜೆಕ್ಟಿವ್. ಆ) ಅಕ್ಕಿ ಡಬ್ಬಿಯಲ್ಲಿ ಇಟ್ಟಳು, ಅಡ್ವರ್ಬ್. ಇ) ಬಸ್ಸಿಗೆ ಕಾಯೋದು ಬೇಜಾರು, ನೌನ್. ಈ) ಬಸ್ಸಿಗೆ ಕಾಯುತ್ತಿದ್ದ ಜನ, ಅಡ್ಜೆಕ್ಟಿವ್. ಉ) ಅರಮನೆ ನೋಡಲು ಹೋದೆವು, ಅಡ್ವರ್ಬ್. ಊ) ಕಡಿಮೆ ಮಾತಿನ ಮನುಷ್ಯ, ಅಡ್ಜೆಕ್ಟಿವ್. ಇದೆಲ್ಲ ಕೆಲಸದ ಲೆಕ್ಕದ ಉತ್ತರ. ಅ, ಆ, ಊ ಮೂರೂ ಯಜಮಾನನ ಲೆಕ್ಕದಲ್ಲಿ ಪ್ರಿಪೊಸಿಷನಲ್ ಫ್ರೇಸ್.

ನಿಮ್ಮ ಮನೆಯ ಹೋಂವರ್ಕಿನಲ್ಲಿ ಈ ನಾಲ್ಕು ಹೆಜ್ಜೆಗೂ ಬಗ್ಗದ ವಾಕ್ಯ ಸಿಕ್ಕರೆ ಅಂಕಣದ ವಿಳಾಸಕ್ಕೆ ಬರೆದು ಕಳಿಸಿ. ಇಂಗ್ಲಿಷ್ ವಾಕ್ಯದ ಜೊತೆಗೆ ಅದನ್ನ ನಿಮ್ಮ ಊರಿನ ಕನ್ನಡದಲ್ಲಿ ಹೇಗೆ ಹೇಳ್ತೀರಿ ಅನ್ನೋದನ್ನೂ ಬರೀರಿ. ಧಾರವಾಡದ ಬಾಲ ಬೇರೆ, ಮಂಗಳೂರಿನ ಬಾಲ ಬೇರೆ, ಎಲ್ಲವನ್ನೂ ಒಂದು ಕಡೆ ಇಟ್ಟು ನೋಡೋಣ.